ನಮ್ಮವರಿಗೆ ಮಾತ್ರ

ನನ್ನ ಮಗನನ್ನು ಮಣ್ಣು ಮಾಡುವಾಗ ನಮ್ಮವರು ಡೋಲು ಬಡಿದರು. ಆ ಸದ್ದು ಅಬುಧಾಬಿಯವರೆಗೆ ಕೇಳಿಸಿತು.

ನಾವು ಕೊರಗರು. ನಮ್ಮಲ್ಲಿ ಮದುವೆಗೂ ಡೋಲು, ಸಾವಿಗೂ ಡೋಲು. ಸುಜಿತನ ಹೆಣ ವಿಮಾನದಲ್ಲಿ ಬಂತು. ಅದರ ಜೊತೆಗೆ ಅಲ್ಲಿಯ ಊರವರ ಸಂಘದವನೊಬ್ಬ ಬಂದ. ಒಳ್ಳೆಯ ಮನುಷ್ಯ. ಪೆಟ್ಟಿಗೆಗೆ ಹೆಗಲು ಕೊಟ್ಟು ನಮ್ಮ ಕಾಲೊನಿಯವರೆಗೆ ನಡೆದ. ಗುಡ್ಡದ ಬದಿಯ ನಮ್ಮ ಮನೆಗಳನ್ನು ನೋಡಿದ. ಅಂಗಳದಲ್ಲಿ ಹೆಣೆದಿಟ್ಟ ಬುಟ್ಟಿಗಳನ್ನು ನೋಡಿದ. ಡೋಲು ನೋಡಿದ. ನೀರು ಕೊಟ್ಟೆವು, ಬೇಡ ಎಂದ. ಸಂಘದವರಿಗೆ ತೋರಿಸಬೇಕಲ್ಲ, ಮೊಬೈಲಿನಲ್ಲಿ ವಿಡಿಯೋ ತೆಗೆದು ಗ್ರೂಪಿಗೆ ಹಾಕಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ.

ಹೀಗೆ ನನ್ನ ಮಗ ಸತ್ತ ಮೇಲೆ ಅವನ ಜಾತಿ ಅಬುಧಾಬಿಗೆ ಗೊತ್ತಾಯಿತು.

ಸುಜಿತ್ ಏಸಿ ರಿಪೇರಿಯವನು. ಅಬುಧಾಬಿಯ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದಲ್ಲಿ ಹೆಂಡತಿ ಮಗಳ ಜೊತೆ ಇದ್ದ. ವಿಲ್ಲಾ ಒಬ್ಬ ಅರಬಿಯದ್ದು. ಅದನ್ನು ಇಡಿಯಾಗಿ ಬಾಡಿಗೆಗೆ ಹಿಡಿದವರು ನಮ್ಮ ಉಡುಪಿ ಕಡೆಯ ಪುರಂದರ. ಅವರು ಅದನ್ನು ಭಾಗ ಮಾಡಿ ಐದು ಸಂಸಾರಗಳಿಗೆ ಕೊಟ್ಟಿದ್ದರು. ಎಲ್ಲರೂ ಅವರ ಜಾತಿಯವರೇ. ಆ ಜಾತಿಯ ಹೆಸರು ನಾನು ಬರೆಯುವುದಿಲ್ಲ. ಅದು ಯಾವುದಾದರೂ ಆಗಬಹುದಿತ್ತು.

ಒಂದು ಆಗಸ್ಟಿನಲ್ಲಿ ಆ ವಿಲ್ಲಾದ ಏಸಿ ನಿಂತುಹೋಯಿತಂತೆ. ಮಕ್ಕಳು ಬಾತ್‌ರೂಮಿನ ನೀರಿನಲ್ಲಿ ಕುಳಿತು ಅಳುತ್ತಿದ್ದರಂತೆ. ಸುಜಿತ್ ಟೆರೇಸಿಗೆ ಹತ್ತಿದ. ಕಾದ ತಗಡನ್ನು ಬರಿಗೈಯಲ್ಲಿ ಎತ್ತಿದ. ಸಂಜೆಯೊಳಗೆ ಏಸಿ ಓಡಿತು. ಪುರಂದರ ಅವನ ಬೆನ್ನು ತಟ್ಟಿ ಊರು ಯಾವುದು ಎಂದು ಕೇಳಿದರು. ಹೇಳಿದ. ಟೆರೇಸಿನ ಮೇಲಿನ ಕೋಣೆ ಖಾಲಿ ಇದೆ, ಸಂಸಾರ ಕರೆಸು, ಬಾ ಎಂದರು. ಆಮೇಲೆ ನೆನಪಾಗಿ, "ನೀನು ನಮ್ಮವನೇ ಅಲ್ವಾ ಮಾರಾಯ?" ಎಂದರು.

ಸುಜಿತ್ ನಕ್ಕ. ಅವನ ನಗು ಅವನ ಅಮ್ಮನ ನಗು. ಯಾರಿಗೂ ಅದನ್ನು ನೋಡಿ ಸಂಶಯ ಬರುವುದಿಲ್ಲ. ಪುರಂದರ ಆ ನಗುವನ್ನು ಹೌದು ಎಂದು ತಿಳಿದರು.

ಅಲ್ಲಿ ಅವನು ಎಲ್ಲರ ಸುಜಿತಣ್ಣ ಆದ. ಕೆಟ್ಟ ನಲ್ಲಿ, ಸುಟ್ಟ ಸ್ವಿಚ್ಚು, ಮಕ್ಕಳ ಸೈಕಲ್ಲು, ಎಲ್ಲದಕ್ಕೂ ಸುಜಿತಣ್ಣ. ನಮ್ಮ ಕಡೆಯ ದೈವ ಕೊರಗಜ್ಜನನ್ನು ಆ ಮನೆಗೆ ತಂದವನೂ ಅವನೇ. ಊರಿನಿಂದ ಕೊರಗಜ್ಜನ ಚೌಕಟ್ಟು ಹಾಕಿದ ಫೋಟೋ ತಂದಿದ್ದ. ತನ್ನ ಕೋಣೆಗೆಂದು ತಂದದ್ದು. ಪುರಂದರರ ಹೆಂಡತಿ ಪ್ರಫುಲ್ಲಾ ಅದನ್ನು ನೋಡಿ, "ಅಯ್ಯೋ, ಅಜ್ಜನನ್ನು ಮೇಲೆ ಇಟ್ಟುಕೊಂಡ್ರೆ ಹೇಗೆ? ಹಾಲ್‌ನಲ್ಲಿರಲಿ, ನಮಗೆಲ್ಲ ಆಗ್ತದೆ" ಎಂದರಂತೆ. ಗೋಡೆಗೆ ಡ್ರಿಲ್ ಹಾಕಬಾರದು ಎಂದು ಅರಬಿಯ ಕಟ್ಟಪ್ಪಣೆ ಇತ್ತು. ಅಜ್ಜನಿಗಾಗಿ ಅದನ್ನು ಮುರಿದರು. ಸುಜಿತನೇ ತೂತು ಕೊರೆದು ಹುಕ್ಕು ಕೂರಿಸಿದ. ಅಂದಿನಿಂದ ಪ್ರತಿ ಶನಿವಾರ ಅಲ್ಲಿ ಚಕ್ಕುಲಿ, ವೀಳ್ಯ. ಕಾರಿನ ಕೀ ಕಳೆದರೆ ಅಜ್ಜ. ಪಾಸ್‌ಪೋರ್ಟ್ ಕಾಣದಿದ್ದರೆ ಅಜ್ಜ. ವೀಸಾ ತಡವಾದರೆ ಅಜ್ಜ.

ಅಜ್ಜನಿಗೆ ಎಲ್ಲರೂ ಹರಕೆ ಹೇಳುತ್ತಾರೆ. ಅವನ ಕಥೆ ಅಷ್ಟಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಅವನೂ ಕೊರಗರ ಹುಡುಗ. ತನಿಯ ಅವನ ಹೆಸರು. ಏಳಾಳಿನ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಲುಪಿಸಿದ. ಹೊರೆ ಒಳಗೆ ಹೋಯಿತು. ಅವನು ಒಳಗೆ ಬರಬಾರದು ಎಂದರು. ಅವನು ಗೋಡೆ ಹತ್ತಿದ. ಅಲ್ಲಿಂದಲೇ ಮಾಯವಾದ. ನಮ್ಮ ಮನೆಯಲ್ಲಿ ಮಕ್ಕಳಿಗೆ ಇದನ್ನು ಹೀಗೆಯೇ ಹೇಳುತ್ತೇವೆ.

ಸುಜಿತ್ ಕಳೆದ ಬೇಸಿಗೆಯಲ್ಲಿ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನ ಮಾಡಿನ ಮೇಲೆ ಕೆಲಸ ಮಾಡುತ್ತಾ ಕುಸಿದ. ಹೃದಯ ನಿಂತಿತು ಎಂದರು. ಹೆಣ ತೊಳೆಯುವಾಗ ನಾನು ಅವನ ಅಂಗೈ ಬಿಡಿಸಿ ನೋಡಿದೆ. ಸುಟ್ಟ ಕಲೆಗಳ ಮೇಲೆ ಸುಟ್ಟ ಕಲೆಗಳು. ನನ್ನ ಅಂಗೈ ಮೆತ್ತಗಿದೆ. ನಾನು ಮಾಸ್ಟ್ರಾಗಿದ್ದವನು, ಸೀಮೆಸುಣ್ಣ ಹಿಡಿದವನು. ನಮ್ಮ ಕಾಲೊನಿಯಲ್ಲಿ ಶಾಲೆಗೆ ಹೋಗಿ ಶಾಲೆಯಲ್ಲೇ ಉಳಿದವನು ನಾನೊಬ್ಬ, ಗುರುವ ಮಾಸ್ಟ್ರು. ದೇವರು ನನ್ನನ್ನು ಉಳಿಸಿ ಅವನನ್ನು ಕರೆದುಕೊಂಡ. ಯಾಕೆಂದು ನಾನು ಕೇಳಿಲ್ಲ. ಕೇಳಿದರೆ ನನ್ನ ನಂಬಿಕೆ ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆ.

ಸೊಸೆ ಸಮೀಕ್ಷಾಗೆ ಅಲ್ಲಿ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ. ಮೊಮ್ಮಗಳು ಗಾನವಿ ಹತ್ತನೇ ತರಗತಿ. ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ಶಾಲೆ ವಿಲ್ಲಾದ ಹತ್ತಿರವೇ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅವರಿಬ್ಬರೂ ಹಿಂದಿರುಗಿದರು. ಡಿಸೆಂಬರಿನಲ್ಲಿ ನಾನು ವಿಸಿಟ್ ವೀಸಾದಲ್ಲಿ ಹೋದೆ. ತಾನು ಕೆಲಸಕ್ಕೆ ಹೋದಾಗ ಮಗು ಒಬ್ಬಳೇ ಅಪ್ಪನ ಅಂಗಿ ಹಿಡಿದುಕೊಂಡು ಕುಳಿತಿರುತ್ತಾಳೆ ಎಂದು ಸಮೀಕ್ಷಾ ಫೋನಿನಲ್ಲಿ ಹೇಳಿದ್ದಳು.

ಹೋದ ದಿನ ಪುರಂದರ ಹಾಲ್‌ಗೆ ಕರೆದು ಕೂರಿಸಿದರು. ಚಾ ಬಂತು. ಅವರಿಗೆ ಸ್ಟೀಲಿನ ಲೋಟದಲ್ಲಿ. ನನಗೆ ಕಾಗದದ ಕಪ್ಪಿನಲ್ಲಿ. ಕುಡಿದ ಮೇಲೆ ಪ್ರಫುಲ್ಲಾ ದೂರದಿಂದಲೇ, "ಅದನ್ನು ಅಲ್ಲಿ ಹೊರಗಿನ ಡಬ್ಬಿಗೆ ಹಾಕಿ ಆಯ್ತಾ" ಎಂದರು. ನಾನು ಹಾಕಿದೆ. ಅರುವತ್ತು ವರ್ಷದ ಹಿಂದೆ ಹೋಟೆಲಿನ ಹಿಂಬದಿಯಲ್ಲಿ ನನಗೆ ತೆಂಗಿನ ಗೆರಟೆಯಲ್ಲಿ ಚಾ ಹೊಯ್ದಿದ್ದರು. ಕಾಗದದ ಕಪ್ಪು ಹಗುರ. ಅಷ್ಟೇ ವ್ಯತ್ಯಾಸ.

ಕೆಳಗಿನ ಅಡುಗೆಮನೆ ಎಲ್ಲರಿಗೂ ಸೇರಿದ್ದು. ಸಮೀಕ್ಷಾಳ ಡಬ್ಬಿಗಳು ಮೊದಲು ಎಲ್ಲರ ಡಬ್ಬಿಗಳ ಜೊತೆ ಇದ್ದವು. ಈಗ ವಾಷಿಂಗ್ ಮೆಷಿನ್ನಿನ ಮೇಲೆ ಬಂದಿದ್ದವು. ಎಲ್ಲರೂ ಅಡುಗೆ ಮುಗಿಸಿದ ಮೇಲೆ ಇವಳ ಸರದಿ. ಕೇಳಿದರೆ, "ರಶ್ ಆಗ್ತದೆ ಅಲ್ವಾ, ಅದಕ್ಕೆ ಟೈಮಿಂಗ್" ಎನ್ನುತ್ತಿದ್ದರು. ಯಾರೂ ಬೈಯಲಿಲ್ಲ. ಯಾರೂ ಜಾತಿಯ ಹೆಸರು ಎತ್ತಲಿಲ್ಲ. ಸುಜಿತಣ್ಣ ಎಂದು ಕಣ್ಣೀರು ಹಾಕಿದ ಹೆಂಗಸರೇ ಇವಳು ಮೆಟ್ಟಿಲು ಇಳಿಯುವಾಗ ಬದಿಗೆ ಸರಿಯುತ್ತಿದ್ದರು.

ಒಂದು ಸಂಜೆ ಪುರಂದರ ನನ್ನನ್ನು ಗೇಟಿನ ಹತ್ತಿರ ಕರೆದರು.

"ಮಾಸ್ಟ್ರೆ, ಬೇಜಾರು ಮಾಡ್ಬೇಡಿ. ಹೊಸ ವರ್ಷದೊಳಗೆ ರೂಮು ಖಾಲಿ ಮಾಡ್ಬೇಕು."

"ಮಗುವಿಗೆ ಪರೀಕ್ಷೆ ಇದೆ."

"ಗೊತ್ತುಂಟು ಮಾರಾಯ್ರೆ. ನನಗೂ ಮಕ್ಕಳು ಇಲ್ವಾ? ಮುನಿಸಿಪಾಲಿಟಿಯವರು ಚೆಕಿಂಗ್ ಮಾಡ್ತಾರಂತೆ."

"ಎಲ್ಲರೂ ಖಾಲಿ ಮಾಡುತ್ತಾರೆಯೇ?"

ಅವರು ಗೇಟಿನ ಚಿಲಕವನ್ನು ಹಾಕಿ ತೆಗೆದು ಮಾಡಿದರು.

"ನೋಡಿ, ನಿಮ್ಮ ಹತ್ತಿರ ಸುಳ್ಳು ಯಾಕೆ. ಈ ವಿಲ್ಲಾ ನಮ್ಮವರಿಗೆ ಮಾತ್ರ. ಅದು ನಾನು ಮಾಡಿದ ರೂಲ್ ಅಲ್ಲ. ನನಗಿಂತ ಮೊದಲು ಇಲ್ಲಿ ಇದ್ದವರು ಮಾಡಿದ್ದು. ಅವರ ಕೈಯಿಂದ ತಗೊಳ್ಳುವಾಗ ಮಾತು ಕೊಟ್ಟಿದ್ದೇನೆ, ನಮ್ಮವರಿಗೆ ಬಿಟ್ಟು ಬೇರೆಯವರಿಗೆ ಕೊಡುದಿಲ್ಲ ಅಂತ. ನಾಳೆ ನಾನು ಇನ್ನೊಬ್ಬನಿಗೆ ಬಿಟ್ಟು ಕೊಡುವಾಗಲೂ ಅದೇ ಮಾತು. ನನಗೆ ಪರ್ಸನಲ್ ಆಗಿ ಎಂತದ್ದೂ ಇಲ್ಲ. ಸುಜಿತ್ ನನ್ನ ತಮ್ಮನ ಹಾಗೆ ಇದ್ದ."

"ಅರಬಿಗೆ ಏನಾದರೂ ತೊಂದರೆಯಿದೆಯೇ?"

"ಅರಬಿಗೆ ಎಂತ? ಅವನಿಗೆ ನಾವೆಲ್ಲ ಇಂಡಿಯಾದವರು, ಹಿಂದಿಗಳೇ. ಬಾಡಿಗೆ ಬಂದ್ರೆ ಖಲಾಸ್."

ಅವರು ನಕ್ಕರು. ನಾನೂ ನಕ್ಕೆನೋ ಏನೋ. ದಣಿದ ಮನುಷ್ಯನ ಮುಖ ತನ್ನಷ್ಟಕ್ಕೆ ಏನೇನೋ ಮಾಡುತ್ತದೆ.

ಹುಡುಕಲು ಹೊರಟೆವು. ಥಾಮಸ್ ಕಾರು ತಂದ. ಥಾಮಸ್ ನಮ್ಮ ಕಡೆಯ ಕ್ಯಾಥೊಲಿಕ್, ಹೋಟೆಲೊಂದರ ಸ್ಟೋರಿನಲ್ಲಿ ಕೆಲಸ. ಸುಜಿತನ ಗೆಳೆಯ. ಹಿಂದಿನ ರಸ್ತೆಯ ವಿಲ್ಲಾದಲ್ಲಿ ಇರುತ್ತಾನೆ. ಮೊಬೈಲಿನಲ್ಲಿ ಜಾಹೀರಾತು ಹುಡುಕುವವಳು ಗಾನವಿ. ಹಿಂದಿನ ಸೀಟಿನಲ್ಲಿ ಕುಳಿತು ಓದುತ್ತಿದ್ದಳು.

"ಓನ್ಲಿ ಮಲಯಾಳಿ ಫ್ಯಾಮಿಲಿ. ಓನ್ಲಿ ಫಿಲಿಪಿನೊ. ಪ್ಯೂರ್ ವೆಜ್, ನೋ ಎಗ್. ಓನ್ಲಿ ಗುಜರಾತಿ. ಅಜ್ಜ, ಇದು ನೋಡಿ, ಕರ್ನಾಟಕ ಫ್ಯಾಮಿಲಿ ಪ್ರಿಫರ್ಡ್!"

ಥಾಮಸ್ ಫೋನ್ ಮಾಡಿದ. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು. ಸಂತೋಷಪಟ್ಟರು. ಉಡುಪಿಯಾ, ಒಳ್ಳೆದಾಯ್ತು ಎಂದರು. ಎಷ್ಟು ಜನ, ಮೀನು ಮಾಡ್ತೀರಾ ಎಂದೆಲ್ಲ ಕೇಳಿದರು. ಕೊನೆಗೆ, ಜಾತಿ ಎಂಬ ಮಾತೆತ್ತದೆ, "ಯಾರ ಪೈಕಿ?" ಎಂದರು.

ಥಾಮಸ್ ನನ್ನ ಮುಖ ನೋಡಿದ. ಮೆಲ್ಲಗೆ, "ಎಂತ ಹೇಳುದು ಮಾಸ್ಟ್ರೆ? ಎಂತಾದ್ರೂ ಹೇಳ್ಲಾ?" ಎಂದ.

"ಇದ್ದದ್ದನ್ನು ಹೇಳಿ."

ಹೇಳಿದ. ಆ ಕಡೆಯವರು, ನಮ್ಮವರ ಹತ್ತಿರ ಕೇಳಿ ಫೋನ್ ಮಾಡ್ತೇವೆ ಎಂದರು. ಮಾಡಲಿಲ್ಲ. ಹೀಗೆ ಎಷ್ಟೋ ಕಡೆ. ಕೆಲವು ಕಡೆ ಕೋಣೆಯನ್ನೇ ನೋಡಿದೆವು. ಸಮೀಕ್ಷಾ ಕಿಟಕಿ ತೆರೆದು, ನಲ್ಲಿ ತಿರುಗಿಸಿ, ಇಲ್ಲಿ ಅವಳ ಮೇಜು ಇಡಬಹುದು ಮಾವ ಎಂದು ತೋರಿಸಿದಳು. ಮರುದಿನ ಆ ಕೋಣೆ ಬೇರೆಯವರಿಗೆ ಹೋಗಿರುತ್ತಿತ್ತು.

ಒಂದು ಸಂಜೆ ಹಿಂದಿರುಗುವಾಗ ಗಾನವಿ ಕೇಳಿದಳು. "ಥಾಮಸ್ ಅಂಕಲ್, ನಿಮ್ಮ ವಿಲ್ಲಾದಲ್ಲಿ ಮೇಲಿನ ರೂಮ್ ವೇಕೆಂಟ್ ಅಲ್ವಾ? ಶಾನ್ ಹೇಳಿದ್ದ."

ಶಾನ್ ಥಾಮಸನ ಮಗ, ಇವಳ ತರಗತಿಯವನು. ಥಾಮಸ್ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದ.

"ಉಂಟು ಮಗಾ. ಆದ್ರೆ ಅದು ಕ್ಯಾಥೊಲಿಕ್ ಫ್ಯಾಮಿಲಿಗೆ ಮಾತ್ರ. ಮೊದಲಿಂದ ಹಾಗೆ. ಆ ರೂಲ್ ನಾನು ಮಾಡಿದ್ದಲ್ಲ."

ಗಾನವಿ ಮೊಬೈಲಿನಲ್ಲಿ ಮುಂದಿನ ಜಾಹೀರಾತಿಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವನೇ, "ನಾನು ಕೇಳಿ ನೋಡ್ತೇನೆ ಮಾಸ್ಟ್ರೆ" ಎಂದ. ಕೇಳಿ ಎಂದೆ.

ಒಂದೇ ಒಂದು ಜಾಗ ಇತ್ತು. ಸುಜಿತನ ಜೊತೆ ಕೆಲಸ ಮಾಡುತ್ತಿದ್ದ ಶಾನವಾಝ್ ತಾಯಿ ಆಸ್ಯಮ್ಮ, ಹೆಂಡತಿ, ಮಕ್ಕಳ ಜೊತೆ ಎಲೆಕ್ಟ್ರಾ ಸ್ಟ್ರೀಟಿನ ಒಂದು ಹಳೆಯ ಫ್ಲಾಟಿನಲ್ಲಿದ್ದ. ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ಹಾಲ್‌ಗೆ ಪರದೆ ಕಟ್ಟಿಕೊಡುತ್ತೇನೆ, ಬನ್ನಿ ಎಂದಿದ್ದ. ಆಸ್ಯಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬಂಗುಡೆ ತಿಂತೀರಲ್ಲಾ?" ಆದರೆ ಆ ಮನೆಯಲ್ಲಿ ಸಣ್ಣ ಮಕ್ಕಳು, ಇಡೀ ದಿನ ಟೀವಿ, ಕೆಳಗೆ ಅಂಗಡಿ. ಶಾಲೆ ಊರಿನ ಆ ತುದಿಯಲ್ಲಿ. ಅಲ್ಲಿ ಮಗು ಓದುವುದು ಹೇಗೆ ಎಂದು ಸಮೀಕ್ಷಾ ಒಪ್ಪಲಿಲ್ಲ. ಪುರಂದರರ ಕಾಲು ಹಿಡಿದಾದರೂ ಪರೀಕ್ಷೆಯವರೆಗೆ ಇರುತ್ತೇನೆ ಎಂದಳು. ಇನ್ನೆರಡು ತಿಂಗಳು ಎಂದು ಅವಳು ಕೇಳಿಕೊಂಡಳು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಹೊಸ ವರ್ಷ ಬಂತು. ಹಾಗೆಯೇ ಪುರಂದರರ ಮಗಳು ಸುಪ್ರೀತಾ ಬಂದಳು. ದುಬೈಯಲ್ಲಿ ಗಂಡನ ಜೊತೆ ಇರುವವಳು. ತುಂಬಿದ ಬಸುರಿ. ಹಿಂದೆ ಎರಡು ಸಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಮೆಲ್ಲಗೆ ನಡೆಯುತ್ತಿದ್ದಳು, ಕೈಯಲ್ಲಿ ತುಂಬಿದ ಪಾತ್ರೆ ಹಿಡಿದವಳ ಹಾಗೆ. ನನ್ನನ್ನು ಕಂಡರೆ, "ಊಟ ಆಯ್ತಾ ಅಂಕಲ್?" ಎನ್ನುತ್ತಿದ್ದಳು. ಆ ಮನೆಯಲ್ಲಿ ನನ್ನ ಊಟ ಕೇಳಿದವಳು ಅವಳೊಬ್ಬಳೇ.

ಒಂದು ಮಧ್ಯಾಹ್ನ ಪ್ರಫುಲ್ಲಾ ಮೆಟ್ಟಿಲು ಹತ್ತಿ ನಮ್ಮ ಕೋಣೆಗೆ ಬಂದರು. ನಾನು ಬಂದ ಮೇಲೆ ಅದೇ ಮೊದಲು. ಹೊಸಲಿನ ಹೊರಗೆ ನಿಂತರು. ಸೆರಗಿನಿಂದ ಬೆವರು ಒರೆಸಿಕೊಂಡರು.

"ಮಾಸ್ಟ್ರೆ, ಕೇಳ್ಲಿಕ್ಕೇ ಒಂಥರಾ ಆಗ್ತದೆ ನನಗೆ."

"ಹೇಳಿ."

"ಶನಿವಾರ ಸುಪ್ರೀತಾಳ ಬಯಕೆ, ಸೀಮಂತ. ಏಳು ತಿಂಗಳಾಯ್ತಲ್ಲ. ಊರಿಂದ ಅಮ್ಮ ಫೋನ್ ಮಾಡಿದ್ರು. ಹಿಂದೆಲ್ಲ ನಮ್ಮ ಮನೆಯಲ್ಲಿ ಮಾಡ್ತಿದ್ರಂತೆ. ಮಗು ಉಳಿಯದಿದ್ರೆ, ಏಳನೇ ತಿಂಗಳಲ್ಲಿ ನಿಮ್ಮವರನ್ನು ಕರೆದು ಬಡಿಸ್ತಿದ್ರಂತೆ."

"ಏನು ಬಡಿಸುತ್ತಿದ್ದರಂತೆ?"

"ಅದೇ. ಅನ್ನ."

"ಅನ್ನದಲ್ಲಿ?"

ಅವರು ತಲೆ ತಗ್ಗಿಸಿದರು. "ಸ್ವಲ್ಪವೇ ಸಾಕಂತೆ ಮಾಸ್ಟ್ರೆ. ಒಂದು ತುತ್ತು. ಯಾರಿಗೂ ಗೊತ್ತಾಗುದು ಬೇಡ. ಸುಪ್ರೀತಾಳಿಗೂ ಗೊತ್ತಿಲ್ಲ. ಇವರ ಹತ್ತಿರ ನಾನು ಮಾತಾಡಿದ್ದೇನೆ. ಪರೀಕ್ಷೆವರೆಗೆ ಅಲ್ಲ, ಎಷ್ಟು ವರ್ಷ ಬೇಕಾದ್ರೂ ಇರಿ. ರೂಮು ನಿಮ್ಮದೇ."

ನಾನು ಗಾನವಿಯ ಮೇಜಿನ ಕಡೆ ನೋಡಿದೆ.

"ನನ್ನ ಮಗಳು ಮಾಸ್ಟ್ರೆ" ಎಂದರು. ಅತ್ತರು. ಆ ಅಳು ಸುಳ್ಳಲ್ಲ. ಮಗನನ್ನು ಮಣ್ಣಿಗೆ ಇಟ್ಟು ಬಂದವನಿಗೆ ಅದು ಗೊತ್ತಾಗುತ್ತದೆ.

ಅದಕ್ಕೆ ಅಜಲು ಎನ್ನುತ್ತಾರೆ. ಬಸುರಿಯ ಕೂದಲು, ಉಗುರು ಬೆರೆಸಿದ ಅನ್ನ. ಅದನ್ನು ಕೊರಗರು ತಿಂದರೆ ಅವಳ ಕೆಡುಕೆಲ್ಲ ಅವರ ಹೊಟ್ಟೆಗೆ ಹೋಗುತ್ತದೆ ಎಂದು ನಂಬಿಕೆ. ಈಗ ಅದಕ್ಕೆ ಕಾನೂನಿದೆ, ಬಡಿಸಿದವರಿಗೆ ಜೈಲಿದೆ. ಕಾನೂನು ನಮ್ಮ ರಾಜ್ಯದ್ದು. ಅಲ್ಲಿಯೇ ಉಳಿಯಿತು. ಅಜಲು ವಿಮಾನ ಹತ್ತಿ ಬಂತು.

ನನ್ನ ಅಮ್ಮ ತುಕ್ರು ತಿನ್ನುವುದನ್ನು ನಾನು ನೋಡಿದ್ದೇನೆ. ನಾನಾಗ ಮೂರನೇ ಕ್ಲಾಸು. ಒಡೆಯರ ಮನೆಯ ಅಂಗಳದ ಅಂಚಿನಲ್ಲಿ, ಗೊಬ್ಬರದ ಗುಂಡಿಯ ಬದಿಯಲ್ಲಿ ಅವಳನ್ನು ಕೂರಿಸಿದರು. ಜಗಲಿಯ ಮೇಲೆ ಹೆಂಗಸರು ನಿಂತು ನೋಡುತ್ತಿದ್ದರು. ಅವಳು ಅಗಿಯಲಿಲ್ಲ, ನುಂಗಿದಳು. ಕೂದಲು ಗಂಟಲಿನಲ್ಲಿ ಸಿಕ್ಕಿಕೊಂಡಿತು. ಕೆಮ್ಮಬಾರದು. ಕೆಮ್ಮಿದರೆ ಬಸುರಿಗೆ ಕೆಡುಕು ಎಂದು ಬೈಯುತ್ತಾರೆ. ಅವಳ ಕಣ್ಣು ಹೊರಗೆ ಬಂತು. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತು. ಕೆಮ್ಮಲಿಲ್ಲ. ಎದ್ದು ಕೈ ಮುಗಿದಳು. ದಾರಿಯಲ್ಲಿ ನೀರು ಹರಿಯುವ ತೋಡಿನ ಬದಿ ಕುಳಿತು, ಬೆರಳು ಹಾಕಿ ಕಾರಿದಳು. ರಕ್ತ ಬಂತು. ನನಗೆ, "ಅತ್ತ ತಿರುಗು ಮಗಾ" ಎಂದಳು. ನಾನು ತಿರುಗಲಿಲ್ಲ. ಅವತ್ತು ಅವರು ಕೊಟ್ಟ ಅಕ್ಕಿಯಲ್ಲಿ ನಮಗೆ ಗಂಜಿ ಬೇಯಿಸಿದಳು. ಅವಳು ಉಣ್ಣಲಿಲ್ಲ.

ಸಮೀಕ್ಷಾ ಕೆಲಸದಿಂದ ಬಂದ ಮೇಲೆ ಟೆರೇಸಿಗೆ ಕರೆದೆ. ಏಸಿಯ ಯಂತ್ರಗಳು ಬಿಸಿ ಗಾಳಿ ಬಿಡುತ್ತಿದ್ದವು. ಎಲ್ಲವನ್ನೂ ಸುಜಿತ್ ಬಿಚ್ಚಿ ಜೋಡಿಸಿದ್ದ. ಹೇಳಿದೆ.

ಅವಳು ಹಗ್ಗದಿಂದ ಗಾನವಿಯ ಸಮವಸ್ತ್ರ ತೆಗೆದು ಮಡಚಿದಳು. ಆಮೇಲೆ, "ನಾನು ತಿನ್ನುತ್ತೇನೆ ಮಾವ" ಎಂದಳು.

"ಏನೆಂದೆ?"

"ಒಂದು ತುತ್ತಲ್ವಾ. ಕಣ್ಣು ಮುಚ್ಚಿ ನುಂಗಿದರೆ ಆಯ್ತು. ಮತ್ತೆ ಹೋಗಿ ಕಾರುತ್ತೇನೆ. ನನಗೆ ಸಾಕಾಗಿದೆ ಮಾವ. ಅವರು ಹೋದ ಮೇಲೆ ನಾನು ಸರಿಯಾಗಿ ಮಲಗಿಲ್ಲ. ಅವಳೊಬ್ಬಳು ಪರೀಕ್ಷೆ ಬರೆಯಲಿ. ಅವಳಿಗೆ ಮಾತ್ರ ಗೊತ್ತಾಗಬಾರದು."

ಅದೇ ಮಾತು. ಅತ್ತ ತಿರುಗು ಮಗಾ. ನನ್ನ ಅಮ್ಮ ನುಂಗಿದ್ದು ನನ್ನ ಗಂಜಿಗೆ. ಸೊಸೆ ನುಂಗಲು ಹೊರಟದ್ದು ಮಗಳ ಪರೀಕ್ಷೆಗೆ. ನಡುವೆ ನಾನು ಶಾಲೆ ಕಲಿತೆ, ಶಾಲೆ ಕಲಿಸಿದೆ, ಮಗ ಸಮುದ್ರ ದಾಟಿದ. ಬಟ್ಟಲು ಅಲ್ಲೇ ಇದೆ.

"ನೀನು ಬೇಡ" ಎಂದೆ. "ಕರೆದದ್ದು ನನ್ನನ್ನು. ನಾನು ಹೋಗುತ್ತೇನೆ."

ಅವಳು ನನ್ನ ಕೈ ಹಿಡಿದು ಅತ್ತಳು. ನಾನು ತಿನ್ನುತ್ತೇನೆ ಎಂದು ತಿಳಿದಳು. ನನಗೂ ಆಗ ಖಚಿತವಿರಲಿಲ್ಲ. ಅಜ್ಜನನ್ನು ನೆನೆದೆ. ಅಜ್ಜಾ, ದಾರಿ ತೋರಿಸು ಎನ್ನುವಷ್ಟೂ ಶಕ್ತಿ ಇರಲಿಲ್ಲ. ನೀನೇ ನೋಡಿಕೋ ಎಂದೆ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟೆ. ಕೆಳಗೆ ಹಾಲ್ ತುಂಬ ಹೆಂಗಸರು, ರೇಷ್ಮೆ ಸೀರೆ, ಮಲ್ಲಿಗೆ. ವಿಲ್ಲಾದ ಎಲ್ಲ ಸಂಸಾರಗಳೂ ಇದ್ದವು. ಸುಪ್ರೀತಾ ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ಗೋಡೆಯ ಮೇಲೆ ಅಜ್ಜ. ಅವನ ಮುಂದಿನ ಹಲಗೆಯಲ್ಲಿ ಚಕ್ಕುಲಿ, ವೀಳ್ಯ.

ನನಗೆ ಹಾಲ್‌ನ ದಾರಿ ಅಲ್ಲ. ಪ್ರಫುಲ್ಲಾ ಹಿಂಬಾಗಿಲಿನಿಂದ ಬರಹೇಳಿದರು. ಅಡುಗೆಮನೆಯ ಹಿಂದೆ, ಚಪ್ಪಲಿ ಇಡುವ ಸ್ಟ್ಯಾಂಡಿನ ಪಕ್ಕ ನೆಲದಲ್ಲಿ ಕಾಗದದ ತಟ್ಟೆ ಇಟ್ಟಿದ್ದರು. ಅನ್ನ. ಮೇಲೆ ಸ್ವಲ್ಪ ಸಾರು. ಬೆರೆಸಿದ್ದು ಕಾಣಬಾರದು ಎಂದು ಸಾರು.

"ಬೇಗ ಆಯ್ತಾ ಮಾಸ್ಟ್ರೆ" ಎಂದು ಪ್ರಫುಲ್ಲಾ ಬಾಗಿಲ ಹತ್ತಿರ ನಿಂತರು.

ನಾನು ಕುಳಿತೆ. ಮೊಣಕಾಲು ನೋಯಿತು. ತಟ್ಟೆ ನೋಡಿದೆ. ಒಂದು ಕೂದಲು ಅನ್ನದ ಅಂಚಿನಿಂದ ಹೊರಗೆ ಬಂದು ಬಾಗಿತ್ತು. ಇವರ ಮೊಮ್ಮಗುವಿನ ಸಾವನ್ನು ನಾನು ತಿನ್ನಬೇಕು. ನನ್ನ ಮಗನ ಸಾವನ್ನು ತಿನ್ನಲು ಯಾರೂ ಬರಲಿಲ್ಲ. ನಾವು ಯಾರನ್ನೂ ಕರೆಯಲೂ ಇಲ್ಲ. ಅದು ನಮ್ಮದು, ನಾವೇ ಹೊತ್ತೆವು.

ನಾನು ಎದ್ದೆ. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಅಡುಗೆಮನೆ ದಾಟಿ ಹಾಲ್‌ಗೆ ಬಂದೆ.

ಹೆಂಗಸರು ಸೀರೆ ಎಳೆದುಕೊಂಡು ದಾರಿ ಬಿಟ್ಟರು. ಅಜ್ಜನ ಎದುರಿಗೆ ಹೋಗಿ ನಿಂತೆ. ತಟ್ಟೆಯನ್ನು ಹಲಗೆಯ ಮೇಲೆ ಇಡಲಿಲ್ಲ. ಅಂಥದ್ದನ್ನು ಅಜ್ಜನ ಮುಂದೆ ಇಡುವವನು ನಾನಲ್ಲ. ಹಿಡಿದುಕೊಂಡೇ ನಿಂತೆ.

"ಎಂತ ಮಾಸ್ಟ್ರೆ ಇದು?" ಪುರಂದರ ಎದ್ದು ಬಂದರು.

"ಪ್ರಫುಲ್ಲಮ್ಮ" ಎಂದೆ, "ಇವನೂ ಕೊರಗ, ನಾನೂ ಕೊರಗ. ಇವನು ದೊಡ್ಡವನು. ದೊಡ್ಡವನಿಗೆ ಮೊದಲು ಬಡಿಸಬೇಕು. ನೀವೇ ನಿಮ್ಮ ಕೈಯಿಂದ ಇವನಿಗೆ ಇದನ್ನು ಎಡೆ ಇಡಿ. ಇವನು ಉಂಡ ಮೇಲೆ ನಾನು ಉಣ್ಣುತ್ತೇನೆ."

"ಅಯ್ಯೋ!" ಪ್ರಫುಲ್ಲಾ ಎರಡೂ ಕೈ ಮುಂದೆ ಚಾಚಿದರು. "ಅಲ್ಲಿ ಬೇಡ! ಅಜ್ಜನ ಹತ್ತಿರ ಅದನ್ನು ತರಬೇಡಿ, ಮೈಲಿಗೆ!"

"ಯಾವುದು ಅಮ್ಮ ಮೈಲಿಗೆ? ಅನ್ನವೋ, ನಾನೋ?"

ಯಾರದೋ ಮೊಬೈಲ್ ಹೊಡೆದುಕೊಂಡಿತು. ಅವರು ಅದನ್ನು ಆರಿಸಿದರು.

"ಅನ್ನದಲ್ಲಿ ಎಂತ ಉಂಟು?" ಎಂದಳು ಸುಪ್ರೀತಾ. "ಅಮ್ಮಾ, ಕೇಳಿದ್ದು ನಿನ್ನ ಹತ್ತಿರ. ವಾಟ್ ಈಸ್ ಇನ್ ಇಟ್?"

ಪ್ರಫುಲ್ಲಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಹುಡುಗಿ ನನ್ನ ತಟ್ಟೆ ನೋಡಿದಳು. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಹೊಸದಾಗಿ ಕತ್ತರಿಸಿದ ಉಗುರುಗಳು.

"ನಿನ್ನೆ ನೀನು ನನ್ನ ಉಗುರು ತೆಗೆದದ್ದು..." ಎಂದಳು.

ಕುರ್ಚಿಯ ಕೈ ಹಿಡಿದು ಎದ್ದಳು. ಏಳಲು ಕಷ್ಟ. ಯಾರೋ ಹಿಡಿಯಲು ಬಂದರು, ಬೇಡ ಎಂದಳು. ನನ್ನ ಹತ್ತಿರ ಬಂದು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅವಳ ಬೆರಳು ನನ್ನ ಬೆರಳಿಗೆ ತಾಗಿತು. ತಣ್ಣಗಿತ್ತು. ಅಡುಗೆಮನೆಗೆ ಹೋಗಿ ಕಸದ ಡಬ್ಬಿಗೆ ಹಾಕಿದಳು. ಮುಚ್ಚಳ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪುರಂದರರ ಮುಖ ಕೆಂಪಾಗಿತ್ತು. "ಶುಭ ಕಾರ್ಯದಲ್ಲಿ ಬಂದು ಈ ಥರ ಮಾಡಿದ್ರಿ ಅಲ್ವಾ? ನಿಮ್ಮ ಬುದ್ಧಿ ತೋರಿಸಿದ್ರಿ. ನಾಳೆ ರೂಮು ಖಾಲಿ ಆಗ್ಬೇಕು. ಖಲಾಸ್."

"ಆಗಲಿ" ಎಂದೆ.

ಮೇಲೆ ಸಮೀಕ್ಷಾ ಬಾಗಿಲಲ್ಲೇ ನಿಂತಿದ್ದಳು. ಮೆಟ್ಟಿಲಿನಿಂದ ಎಲ್ಲ ಕೇಳಿಸಿತ್ತು. ಅವಳು ನನ್ನನ್ನು ಹೊಗಳಲಿಲ್ಲ. "ಇನ್ನು ಎಲ್ಲಿಗೆ ಮಾವ?" ಎಂದಳು. ಅವಳ ಹಿಂದೆ ಗಾನವಿ. ಅವಳಿಗೂ ಕೇಳಿಸಿತ್ತು. ಅಜಲು ಎಂದರೇನು ಎಂದು ಕೇಳಿದಳು. ನಾನು ಹೇಳಿದೆ. ನನ್ನ ಅಮ್ಮನ ಹೆಸರು ಹೇಳಿ, ತೋಡಿನ ಬದಿಯದ್ದನ್ನೂ ಹೇಳಿದೆ. ಅತ್ತ ತಿರುಗು ಎನ್ನಲಿಲ್ಲ. ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ ಕಪಾಟಿನಿಂದ ಪುಸ್ತಕ ತೆಗೆದು ಚೀಲಕ್ಕೆ ತುಂಬಿದಳು. "ಐ ಕ್ಯಾನ್ ಸ್ಟಡಿ ವಿತ್ ಟೀವಿ ಆಲ್ಸೊ, ಅಮ್ಮಾ" ಎಂದಳು.

ಮರುದಿನ ಥಾಮಸ್ ಕಾರು ತಂದ. ಹಾಸಿಗೆ, ಡಬ್ಬಿಗಳು, ಸುಜಿತನ ಟೂಲ್ ಬಾಕ್ಸ್. ಎಲ್ಲ ಇಟ್ಟ ಮೇಲೆ ನಾನು ಮತ್ತೆ ಹಾಲ್‌ಗೆ ಹೋದೆ. ಈ ಸಲ ಮುಂಬಾಗಿಲಿನಿಂದ. ಸ್ಟೂಲು ಎಳೆದುಕೊಂಡು ಹತ್ತಿದೆ. ಅಜ್ಜನನ್ನು ಹುಕ್ಕಿನಿಂದ ಬಿಡಿಸಿದೆ.

ಪ್ರಫುಲ್ಲಾ ಓಡಿ ಬಂದರು. ಕಣ್ಣು ಊದಿತ್ತು. ಮಗಳು ನಿನ್ನೆಯಿಂದ ಮಾತಾಡಿಲ್ಲ ಎಂದು ಕೆಳಗೆ ಹೆಂಗಸರು ಹೇಳುತ್ತಿದ್ದರು.

"ಮಾಸ್ಟ್ರೆ, ಅಜ್ಜನನ್ನು ತಗೊಂಡು ಹೋಗ್ಬೇಡಿ. ಕೈ ಮುಗೀತೇನೆ. ಅವನು ಇಷ್ಟು ವರ್ಷ ಇಲ್ಲೇ ಇದ್ದವ. ಅವನನ್ನಾದ್ರೂ ಬಿಟ್ಟು ಹೋಗಿ."

ಸ್ಟೂಲಿನಿಂದ ಇಳಿದೆ. ಗಾಜಿನ ಮೇಲಿನ ಧೂಳನ್ನು ಪಂಚೆಯ ತುದಿಯಿಂದ ಒರೆಸಿದೆ.

"ಈ ವಿಲ್ಲಾ ನಿಮ್ಮವರಿಗೆ ಮಾತ್ರ ಅಲ್ಲವೇ ಅಮ್ಮ" ಎಂದೆ. "ಅವನು ನಿಮ್ಮವನಲ್ಲ."

ಅವರು ಗೋಡೆಗೆ ಒರಗಿದರು. ನಾನು ಬಾಗಿಲವರೆಗೆ ಹೋದೆ. ಹಿಂದಿನಿಂದ ಸಣ್ಣ ದನಿಯಲ್ಲಿ, "ಮಗುವಿಗೆ ಎಂತಾದ್ರೂ ಆದ್ರೆ?" ಎಂದರು.

ನಿಂತೆ. "ನಿಮ್ಮ ಮಗಳು ನಿನ್ನೆ ಒಳ್ಳೆಯ ಕೆಲಸ ಮಾಡಿದಳು. ಅವಳ ಮಗು ಚೆನ್ನಾಗಿರಲಿ ಎಂದು ನಾನು ಅಜ್ಜನಲ್ಲಿ ದಿನಾ ಕೇಳುತ್ತೇನೆ. ಅದಕ್ಕೆ ನಾನು ಏನೂ ತಿನ್ನಬೇಕಾಗಿಲ್ಲ."

ಕಾರು ಹೊರಟಿತು. ಅಜ್ಜ ನನ್ನ ತೊಡೆಯ ಮೇಲೆ. ಬ್ರೇಕ್ ಹಾಕಿದರೆ ಗಾಜು ಒಡೆದೀತು ಎಂದು ಥಾಮಸ್ ಸೀಟ್ ಬೆಲ್ಟನ್ನು ಅವನ ಮೇಲಿಂದಲೇ ಎಳೆದು ಹಾಕಿದ. ಆಸ್ಯಮ್ಮ ಫೋನ್ ಮಾಡಿದರು. ಗಾನವಿ ಸ್ಪೀಕರ್ ಹಾಕಿದಳು.

"ಫೋಟೋ ತರ್ತೀರಂತೆ? ನಾವು ನಮಾಜಿಗೆ ನಿಲ್ಲುವ ಬದಿಗೆ ಬೇಡ, ಆಯ್ತಾ? ಪರದೆಯ ಒಳಗೆ ಎಲ್ಲಿ ಬೇಕಾದ್ರೂ ಇಡಿ. ಅನ್ನ ಇಟ್ಟಿದ್ದೇನೆ, ಬೇಗ ಬನ್ನಿ."

"ಬರ್ತಾ ಇದ್ದೇವೆ ಉಮ್ಮಾ" ಎಂದಳು ಗಾನವಿ.

ಕಾರು ಹಿಂದಿನ ರಸ್ತೆಗೆ ತಿರುಗಿತು. ಬೇರೆ ದಾರಿ ಇರಲಿಲ್ಲ, ಥಾಮಸನ ವಿಲ್ಲಾದ ಮುಂದೆಯೇ ಹೋಗಬೇಕು. ಅವನು ವೇಗ ಕಡಿಮೆ ಮಾಡಿದ.

"ಮಾಸ್ಟ್ರೆ, ನಾನು ಕೇಳ್ತೇನೆ ಅಂದಿದ್ದೆ ಅಲ್ವಾ... ಇನ್ನೂ ಕೇಳ್ಲಿಕ್ಕೆ ಆಗ್ಲಿಲ್ಲ."

ನನಗೆ ಬಹಳ ದಣಿವಾಗಿತ್ತು. ಅಜ್ಜನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡಿದೆ. ಆ ವಿಲ್ಲಾದ ಮೇಲಿನ ಕೋಣೆಯ ಕಿಟಕಿಗೆ ಪರದೆ ಇರಲಿಲ್ಲ. ಬಿಸಿಲು ಒಳಗೆ ಹೋಗಿ ಬರಿಯ ನೆಲದ ಮೇಲೆ ಬಿದ್ದಿತ್ತು. ಕೋಣೆ ಇನ್ನೂ ಖಾಲಿಯಿತ್ತು.